ಪಂಕ್ತಿ ಏಳುವ ಮುನ್ನ

ಹೊಳೆದಂಡೆಯ ಮಠದಲ್ಲಿ ಎಲ್ಲರೂ 'ಅಜ್ಜಾರು' ಎನ್ನುವ ವೃದ್ಧ ಸ್ವಾಮಿಗಳೊಬ್ಬರಿದ್ದರು. ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಅವರ ಆಸರೆಯಲ್ಲಿ ಅರವತ್ತು ಹುಡುಗರು ಕಾಲೇಜು ಓದುತ್ತಿದ್ದರು.

ಶಿಷ್ಯ ಸೋಮಲಿಂಗ ಪಟ್ಟಣದಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದ. ಮೂರು ದಿನದಲ್ಲಿ ಎತ್ತು ಕೂಡ ನೇಗಿಲು ಎಳೆಯಲು ಕಲಿಯುವುದಿಲ್ಲ. ಸೋಮಲಿಂಗ ಮನಸ್ಸು ಓದಲು ಕಲಿತಿದ್ದ. ಬಂದವನೇ ಕೋಣೆಗೆ ಬೋರ್ಡು ಹಾಕಿದ: 'ಆಪ್ತ ಸಲಹಾ ಕೇಂದ್ರ'. ಒಳಗೆ ಬರಬೇಕಾದರೆ ಅರ್ಜಿ. ಅರ್ಜಿಗೊಂದು ಫೋಟೊ. ಅಳುವುದಕ್ಕೂ ಫೋಟೊ!

ಒಂದು ವಾರ ಒಬ್ಬನೂ ಬರಲಿಲ್ಲ.

"ನಮ್ಮ ಹುಡುಗ್ರೆಲ್ಲ ಆರಾಮ ಅದಾರ್ರಿ, ಅಜ್ಜಾರ," ಎಂದ ಸೋಮಲಿಂಗ ಹೆಮ್ಮೆಯಿಂದ.

"ಪರೀಕ್ಷೆ ಫಲಿತಾಂಶ ಬಂದಾಗಿಂದ ಫಕೀರೇಶ ಉಂಡಿಲ್ಲ. ಎರಡು ದಿನಾ ಆತು."

"ಅಂವ ಅರ್ಜಿ ಕೊಟ್ಟಿಲ್ರಿ."

ಅಜ್ಜಾರು ಮಧ್ಯಾಹ್ನ ಫಕೀರೇಶನ ಕೈ ಹಿಡಿದು ತಂದು ಪಂಕ್ತಿಯಲ್ಲಿ ಪಕ್ಕಕ್ಕೇ ಕೂರಿಸಿಕೊಂಡರು.

ಮಠದ ಪದ್ಧತಿ ಒಂದಿತ್ತು: ಕೊನೆಯವನ ಊಟ ಮುಗಿಯುವ ತನಕ ಪಂಕ್ತಿಯಿಂದ ಯಾರೂ ಏಳುವಂತಿಲ್ಲ.

ಎಲ್ಲರದೂ ಮುಗಿಯಿತು. ಫಕೀರೇಶ ಅನ್ನ ಮುಟ್ಟಿರಲಿಲ್ಲ. ಎಲ್ಲರ ಕಣ್ಣೂ ಅವನ ತಾಟಿನ ಮೇಲೆ.

"ಲಗೂನ ಉಣ್ಣೋ! ನಿನ್ನ ಸಲುವಾಗಿ ಎಲ್ಲಾರೂ ಕಾಯಾಕತ್ತಾರ," ಎಂದ ಅಜ್ಜಾರ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಸೋಮಲಿಂಗ.

ಹುಡುಗನ ತಲೆ ಇನ್ನೂ ಕೆಳಗಾಯಿತು.

"ನನಗೊಂದು ಖಡಕ್ ರೊಟ್ಟಿ ನೀಡ್ರಿ!" ಎಂದು ಅಜ್ಜಾರು ಕೂಗಿದರು.

"ಹಲ್ಲಿಲ್ಲಲ್ರಿ ನಿಮಗ!" ಎಂದ ಬಡಿಸುವವ.

"ಅದಕ್ಕ ತಡಾ ಆಗತೈತಿ. ನೀವು ಕಾಯಾಕತ್ತಿದ್ದು ನನ್ನ ಸಲುವಾಗಿ."

ಎರಡು ಹಲ್ಲು ರೊಟ್ಟಿಯ ಮೇಲೆ ಜಾರಿದವು. ಮತ್ತೆ ಜಾರಿದವು. ಸೋಮಲಿಂಗನ ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ನೊಣ ಕೂತಿತು. ಓಡಿಸೋಣವೆಂದರೆ ಕೈತುಂಬ ಒಣಗಿದ ಸಾರು. ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಇಡೀ ಪಂಕ್ತಿ ನಕ್ಕಿತು. ಅಜ್ಜಾರು ಮಾತ್ರ ರೊಟ್ಟಿಯೊಡನೆ ಗುದ್ದಾಡುತ್ತಲೇ ಇದ್ದರು.

ಕೊನೆಗೆ ಫಕೀರೇಶನಿಗೇ ನೋಡಲಾಗಲಿಲ್ಲ. ರೊಟ್ಟಿ ಕಸಿದು, ಮುರಿದು, ತನ್ನ ಬಟ್ಟಲಿನ ಸಾರಿನಲ್ಲಿ ನೆನೆಸಿದ.

"ಹಿಂಗ ತಿನ್ರೀ, ಅಜ್ಜಾರ."

ಮೆತ್ತಗಾಯಿತೋ ಇಲ್ಲವೋ ನೋಡಲೆಂದು ತಾನೂ ಒಂದು ತುತ್ತು ಬಾಯಿಗಿಟ್ಟ. ನುಂಗಿದ. ಮೆಲ್ಲಗೆ ಅಂದ:

"ನನಗ ಯಾವುದೂ ಬ್ಯಾಡ ಅನಸ್ತೈತ್ರಿ."

ಸೋಮಲಿಂಗ ದಡಕ್ಕನೆ ಎದ್ದ. ಜೇಬಿನಿಂದ ಅರ್ಜಿ ಎಳೆಯಹೋದ.

"ಒಂದರಿಂದ ಹತ್ತರೊಳಗ, ಎಷ್ಟು ಬ್ಯಾಡ ಅನಸ್ತೈತಿ ತಮ್ಮಾ?"

ಅಜ್ಜಾರು ಅವನ ಮಣಿಕಟ್ಟು ಹಿಡಿದು ಕೆಳಗೆಳೆದರು.

"ಕೈ ಎಂಜಲೈತಿ, ಕಾಗದ ಮುಟ್ಟಬ್ಯಾಡ. ಸುಮ್ನ ಕೂಡು ಮಗನ, ಅವನ ಊಟ ಈಗ ಸುರು ಆಗೇತಿ."