ದಣಿದವರ ಬಾವಿ

ಹುಣಸಿಮಡ್ಡಿಯ ಅಗಸೆಬಾಗಿಲು ದಾಟಿ ಊರೊಳಗೆ ಬಂದು ಪಡುವಣಕ್ಕೆ ತಿರುಗಿದರೆ ಎರಡು ಬೇವಿನ ಮರಗಳ ನಡುವೆ ಒಂದು ಹಳೆಯ ಸೇದುಬಾವಿ ಕಾಣುತ್ತದೆ. ಈಗ ಅದರಲ್ಲಿ ನೀರಿಲ್ಲ. ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ ಕೊರೆಸಿದ ಮೇಲೆ ಒರತೆ ಬತ್ತಿ, ತಳದಲ್ಲಿ ಒಣ ಎಲೆ, ಮುರಿದ ಕೊಡ, ಮಕ್ಕಳು ಎಸೆದ ಕಲ್ಲು ಬಿದ್ದಿವೆ. ಪಕ್ಕದಲ್ಲಿ ಪಂಚಾಯಿತಿಯವರು ಒಂದು ಬೋರ್ಡು ನೆಟ್ಟಿದ್ದಾರೆ. 'ದಣಿದವರ ಬಾವಿ: ದಾರಿಹೋಕರ ದಣಿವು ಆರಿಸಲೆಂದು ಊರಗೌಡರು ಕಟ್ಟಿಸಿದ್ದು' ಎಂದು ಅದರಲ್ಲಿ ಬರೆದಿದೆ. ನಾನು ಬಾವಿಯ ಎದುರಿನ ಮನೆಗೆ ಸೊಸೆಯಾಗಿ ಬಂದವಳು, ಈಗ ಆ ಮನೆಯ ಹಿರಿಯಳು. ಬೋರ್ಡು ಬರೆಸುವಾಗ, ಅದು ಹಾಗಲ್ಲಪ್ಪಾ ಎಂದು ಹೇಳಿ ನೋಡಿದೆ. ಹೆಂಗಸರ ಕಥೆಯೆಲ್ಲ ಬೋರ್ಡಿನಲ್ಲಿ ಹಿಡಿಸುವುದಿಲ್ಲ, ಬಿಡಬೇ ಯವ್ವಾ ಎಂದರು. ಹಿಡಿಸುವುದಿಲ್ಲ, ನಿಜ. ಬಂದಬಂದವರಿಗೆ ಹೇಳಿ ಹೇಳಿ ನನ್ನ ಬಾಯಿಯೂ ಒಣಗಿದೆ. ಆದರೂ ಕೇಳಿದಿರಲ್ಲ, ಆ ಕಟ್ಟೆಯ ಮೇಲೆ ಕೂತುಕೊಳ್ಳಿ. ನನ್ನ ಅತ್ತೆಗೆ ಅವರತ್ತೆ ಹೇಳಿದ್ದು, ಅತ್ತೆ ನನಗೆ ಹೇಳಿದ್ದು.

ಹಿಂದೊಂದು ಕಾಲದಲ್ಲಿ ಈ ಊರಿನ ಗಂಡಸರು ಹೇರೆತ್ತುಗಳ ಮೇಲೆ ಅರಳೆ ಹೇರಿಕೊಂಡು ಘಟ್ಟ ಇಳಿಯುತ್ತಿದ್ದರು, ಉಪ್ಪು ಹೇರಿಕೊಂಡು ಮರಳುತ್ತಿದ್ದರು ಎನ್ನುತ್ತಾರೆ. ದಸರೆಯ ಬನ್ನಿ ಹಬ್ಬ ಮುಗಿಸಿ ಹೊರಟರೆ ಮತ್ತೆ ಊರ ಮುಖ ನೋಡುತ್ತಿದ್ದುದು ಮುಂಗಾರಿನ ಕಾರಹುಣ್ಣಿಮೆಗೇ. ಅಲ್ಲಿಯತನಕ ಜೋಳ ಕೊಯ್ದವರು, ಕಣ ಮಾಡಿದವರು, ಮುದುಕರ ಮಲಮೂತ್ರ ಬಳಿದವರು, ಮಕ್ಕಳನ್ನು ಹೆತ್ತವರು, ಸತ್ತ ಮಕ್ಕಳನ್ನು ಹೂಳಿದವರು ಎಲ್ಲ ಹೆಂಗಸರೇ. ಮಳೆ ಹಿಡಿದ ಮೇಲೆ ಗಂಡಸರು ಊರ ನಡುವಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಕೂತವರಿಗೆ ತಾವಿಲ್ಲದ ದಿನಗಳ ಯೋಚನೆ ಬರುತ್ತಿತ್ತು. ಘಟ್ಟದ ಕೆಳಗೆ ಅವರು ಯಾರ ಮನೆಯಲ್ಲಿ ಉಂಡರು, ಯಾರ ಮಗ್ಗುಲಲ್ಲಿ ಮಲಗಿದರು ಎಂದು ಕೇಳುವ ರೂಢಿ ಇರಲಿಲ್ಲ. ಗಂಡಸು ಕೆಸರು ಕಂಡಲ್ಲಿ ತುಳಿಯುತ್ತಾನೆ, ನೀರು ಕಂಡಲ್ಲಿ ತೊಳೆದುಕೊಳ್ಳುತ್ತಾನೆ ಎಂಬ ಗಾದೆ ಆಗಲೂ ಇತ್ತು. ಆ ನೀರನ್ನು ಸೇದಿ ಇಟ್ಟವರು ಯಾರು ಎಂದು ಗಾದೆ ಹೇಳುವುದಿಲ್ಲ.

ಮತ್ತೆ ಹೊರಡುವ ಮುನ್ನ ಮನೆಯ ಹೆಣ್ಣಿನ ನಡತೆ ಖಾತ್ರಿಯಾಗಬೇಕು ಎಂದು ಅವರು ಒಂದು ಪದ್ಧತಿ ಮಾಡಿಕೊಂಡಿದ್ದರಂತೆ. ಬಾವಿಯಲ್ಲಿ ಜಲದೇವತೆ ಇದ್ದಾಳೆ, ಅವಳಿಗೆ ಸುಳ್ಳು ನಡೆಯುವುದಿಲ್ಲ ಎಂದು ಅಂದಿನ ಗೌಡನ ಮುತ್ತಜ್ಜನಿಗೆ ಕನಸು ಬಿದ್ದಿತ್ತು. ಯಾವ ಹೆಣ್ಣಿನ ಮೇಲೆ ಮಾತು ಬಂದಿದೆಯೋ ಅವಳನ್ನು ಬನ್ನಿ ಹಬ್ಬದ ಬೆಳಿಗ್ಗೆ ಬಾವಿಕಟ್ಟೆಗೆ ತಂದು ನಿಲ್ಲಿಸುವುದು. ಗಂಡನಾದವನು ಬಗ್ಗಿ ಅವಳ ಹೆಸರು ಹಿಡಿದು ಬಾವಿಯೊಳಗೆ ಕೂಗುವುದು. ಬಾವಿ ಓಗೊಟ್ಟು ಆ ಹೆಸರನ್ನು ಮರಳಿ ಕೂಗಿದರೆ ಅವಳು ಶುದ್ಧ. ಸುಮ್ಮನಿದ್ದರೆ ತಲೆ ಬೋಳಿಸಿ ಅಗಸೆಯ ಆಚೆ ನೂಕುವುದು. ದೇವತೆಯೂ ಹೆಣ್ಣೇ, ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಬನ್ನಿ ಹಬ್ಬಕ್ಕೆ ಮಳೆ ಮುಗಿದು ಬಾವಿ ಬಾಯಿತನಕ ತುಂಬಿರುತ್ತದೆ. ತುಂಬಿದ ಬಾವಿ ಯಾರ ಹೆಸರಿಗೂ ಓಗೊಡುವುದಿಲ್ಲ. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಕೆಮ್ಮಿದರೂ ತಿರುಗಿ ಕೆಮ್ಮುತ್ತದೆ. ಗಂಡಸರು ಬೇಸಿಗೆಯಲ್ಲಿ ಊರಲ್ಲಿರಲಿಲ್ಲ. ಇದ್ದರೂ ಕೊಡ ಹಿಡಿದು ಬಾವಿಗೆ ಹೋಗುವ ಗಂಡಸು ನಗೆಗೀಡಾಗುತ್ತಿದ್ದ. ಹೆಂಗಸರಾದರೋ ಹೆದರಿಕೆಯಿಂದ ಆ ಕಟ್ಟೆಯ ಬಳಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದರು. ಬಾಯಿ ಮುಚ್ಚಿಕೊಂಡು ನೀರು ಸೇದಿ ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಿದ್ದರು.

ನೀಲವ್ವ ಎಂಬುವಳು ಇದೇ ಊರಿನಲ್ಲಿ ತನ್ನ ಮಗಳು ಗುರವ್ವನನ್ನು ಮದುವೆ ಮಾಡಿ ಕೊಟ್ಟಿದ್ದಳು. ಮದುವೆಯಾದ ಎರಡನೆಯ ವರ್ಷಕ್ಕೇ ಗುರವ್ವನ ಮೇಲೆ ಮಾತು ಬಂತು. ಅವಳ ಗಂಡ ಕೂಗಿದ, ಬಾವಿ ಸುಮ್ಮನಿತ್ತು. ಉಟ್ಟ ಸೀರೆಯಲ್ಲಿ ಅವಳನ್ನು ಹೊರಗೆ ನೂಕಿ, ಸಂಜೆಗೆ ಊರವರೆಲ್ಲ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದರು. ನೀಲವ್ವನೂ ಬನ್ನಿ ತೆಗೆದುಕೊಂಡಳು. ಬೇಡ ಎನ್ನುವ ಧೈರ್ಯ ಇರಲಿಲ್ಲ ಎನ್ನುತ್ತಾರೆ. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಒಬ್ಬಳೇ ನೀರಿಗೆ ಬಂದಳು. ಬಾವಿಗೆ ಬಗ್ಗಿ ಮಗಳನ್ನು ಕರೆದಳು. ಬಾವಿ ಗುರವ್ವಾ ಎಂದು ಮರಳಿ ಕರೆಯಿತು. ಅವಳು ಕೊಡ ಅಲ್ಲೇ ಇಟ್ಟು ಇನ್ನೊಮ್ಮೆ ಬಗ್ಗಿದಳಂತೆ. ಮೊದಲು ದೇವತೆ ಕ್ಷಮಿಸಿದಳು ಎಂದುಕೊಂಡಳು. ಆಮೇಲೆ ತನ್ನ ಹೆಸರು ಕರೆದು ನೋಡಿದಳು, ಸತ್ತುಹೋದ ಎಮ್ಮೆಯ ಹೆಸರನ್ನೂ ಕರೆದಳು. ಎಲ್ಲಕ್ಕೂ ಬಾವಿ ಓಗೊಟ್ಟಿತು. ಅಂದು ಅವಳಿಗೆ ಎಲ್ಲ ತಿಳಿಯಿತು, ತಿಳಿದು ಮಾಡುವುದೇನೂ ಉಳಿದಿರಲಿಲ್ಲ. ಗುರವ್ವ ಯಾವ ಊರು ಸೇರಿದಳೋ, ಯಾವ ಹೊಳೆ ಸೇರಿದಳೋ, ಇಂದಿಗೂ ಯಾರಿಗೂ ಗೊತ್ತಿಲ್ಲ.

ನೀಲವ್ವನ ಮಗ ದ್ಯಾಮಣ್ಣನ ಹೆಂಡತಿ ಬಾಳವ್ವ. ಅತ್ತೆ ಸೊಸೆಗೆ ಅಷ್ಟಕ್ಕಷ್ಟೇ. ಒಲೆಯ ಮುಂದೆ ದಿನವೂ ಕಿರಿಕಿರಿ. ದ್ಯಾಮಣ್ಣ ಘಟ್ಟ ಇಳಿದಿದ್ದ ಒಂದು ವರ್ಷ ಬಾಳವ್ವ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಸಂಜೆಯಾದರೆ ದುಂಡುಮಲ್ಲಿಗೆ ಮುಡಿದು ಜಗಲಿಯ ಮೇಲೆ ಕೂರುತ್ತಿದ್ದಳು. ಅಷ್ಟೇ ಅವಳ ಅಪರಾಧ. ಊರ ಬಾಯಿ ಅದನ್ನು ಗಂಡನ ಕಿವಿಗೆ ಮುಟ್ಟಿಸಿತು. ಯಾರ ಸಲುವಾಗಿ ಮುಡಕೊಂಡಿ ಎಂದು ಅವನು ಕೇಳಿದ. "ನನ್ನ ಸಲುವಾಗಿ," ಎಂದಳು ಬಾಳವ್ವ. ಹೆಣ್ಣು ತನಗಾಗಿ ಹೂ ಮುಡಿಯುತ್ತಾಳೆ ಎಂದರೆ ಅವನು ನಂಬಲಿಲ್ಲ, ಕಟ್ಟೆಯವರು ನಗಾಡಿದರು, ಗೌಡ ಬನ್ನಿ ಹಬ್ಬಕ್ಕೆ ಬಾವಿಕಟ್ಟೆಗೆ ಬರಹೇಳಿದ. ನಿಜವಾಗಿ ಅವಳು ತನಗಾಗಿ ಮುಡಿದಳೋ, ಬೇರೆ ಯಾರಾದರೂ ಇದ್ದರೋ, ನನಗೆ ಗೊತ್ತಿಲ್ಲ. ನಮ್ಮತ್ತೆಯನ್ನು ಕೇಳಿದ್ದಕ್ಕೆ, ನೀನೂ ಕಟ್ಟೆ ಮೇಲಿನ ಗಂಡಸರಂತೆಯೇ ಕೇಳುತ್ತೀಯಲ್ಲೇ ಎಂದು ಬೈದಿದ್ದರು. ನೀಲವ್ವ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ ಸೊಸೆಯ ಮುಂದೆ ಹಗ್ಗ ತಂದು ಹಾಕಿ, "ಕೌದಿ ಎಲ್ಲಾ ಹೊರಗ ತಗಿ. ಈ ವರ್ಷ ಬಾವಿ ನೀರಾಗ ಒಗಿಯೂಣು," ಎಂದಳು.

ಬನ್ನಿ ಹಬ್ಬದ ಮುಂಚೆ ಮನೆ ಸಾರಿಸಿ, ಗೋಡೆ ಬಳಿದು, ಹಾಸುವ ಹೊದೆಯುವ ಕೌದಿಗಳನ್ನೆಲ್ಲ ಒಗೆಯುವುದು ನಮ್ಮ ಕಡೆ ಇಂದಿಗೂ ಇದೆ. ಹಳ್ಳದಲ್ಲಿ ಒಗೆಯುವ ವಾಡಿಕೆ. ಹಳ್ಳದ ನೀರು ರಾಡಿಯಾಗಿದೆ ಎಂದು ನೀಲವ್ವ ಮನೆಮನೆಗೆ ಹೇಳಿ ಬಂದಳು. ಉಳಿದದ್ದನ್ನು ಯಾರಿಗೆ ಹೇಗೆ ಹೇಳಿದಳೋ, ಬೀಸುವ ಕಲ್ಲಿನ ಮುಂದೆ ಮಾತು ಹರಿದಾಡಿತು. ಕೋಳಿ ಕೂಗಿದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನತನಕ ಹೆಂಗಸರು ಸೇದಿದರು. ಕೌದಿ ಒಗೆದರು, ಒಗೆದದ್ದನ್ನೇ ಮತ್ತೆ ಒಗೆದರು. ಗೋಡೆ ತೊಳೆದರು, ಎತ್ತು ತೊಳೆದರು, ತೊಳೆಯುವುದಕ್ಕೆ ಏನೂ ಉಳಿಯದಾಗ ಸುಮ್ಮನೆ ನೆಲಕ್ಕೆ ಸುರಿದರು. ಕತ್ತಲಾದರೆ ಒರತೆ ಉಕ್ಕಿ, ಆ ದಿನ ಸೇದಿದ್ದರಲ್ಲಿ ಅರ್ಧ ಮತ್ತೆ ತುಂಬಿಕೊಳ್ಳುತ್ತಿತ್ತು. ಬೆಳಗಾದರೆ ಮತ್ತೆ ಶುರು. ಅಂಗೈ ಬೊಕ್ಕೆ ಎದ್ದು ಒಡೆದು ಹಗ್ಗಕ್ಕೆ ರಕ್ತ ಹತ್ತಿತು. ಬಸುರಿಯರು ಬಂದರು, ಬಾಣಂತಿಯರು ಕೂಸನ್ನು ಗೋಡೆಯ ನೆರಳಲ್ಲಿ ಮಲಗಿಸಿ ಬಂದರು, ಕೊನೆಗೆ ಗೌಡನ ಹೆಂಡತಿಯೂ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ಒಂದು ಕೊಡ ಹಿಡಿದು ಬಂದಳು. ಗಂಡಸರು ಊರ ಕಟ್ಟೆಯ ಮೇಲೆ ಕೂತೇ ಇದ್ದರು. ನೀರು ಹೊರುವ ಹೆಂಗಸನ್ನು ಅವರು ಹುಟ್ಟಿದಾಗಿನಿಂದ ಕಂಡಿದ್ದರು, ಹಾಗಾಗಿ ಈಗ ಕಾಣಲಿಲ್ಲ. ರೊಟ್ಟಿ ತಡವಾಯಿತೆಂದು ಮಾತ್ರ ಸಿಟ್ಟಾದರು. ದಿನವೂ ಸಂಜೆ ನೀಲವ್ವ ಬಗ್ಗಿ ಮೆಲ್ಲಗೆ ಗುರವ್ವಾ ಎಂದು ಕರೆದು ನೋಡುತ್ತಿದ್ದಳು. ಹಬ್ಬದ ಹಿಂದಿನ ಸಂಜೆ ಬಾವಿ ಓಗೊಟ್ಟಿತು. ಕೇಳಿದ ಹೆಂಗಸರೆಲ್ಲ ಇದ್ದಲ್ಲಿಯೇ ಕೂತುಬಿಟ್ಟರು. ಇರುಳು ಉಕ್ಕುವ ನೀರನ್ನು ಹಬ್ಬದ ಅಡಿಗೆಯ ನೆವದಲ್ಲಿ ನಸುಕಿಗೇ ಸೇದಿ ಮುಗಿಸಿದರು.

ಬೆಳಿಗ್ಗೆ ದ್ಯಾಮಣ್ಣ ಕೂಗಿದ, ಬಾವಿ ಬಾಳವ್ವಾ ಎಂದು ಸ್ಪಷ್ಟವಾಗಿ ಮರಳಿ ಕೂಗಿತು. ಗಂಡಸರು ಕೈ ಮುಗಿದರು. ಗೌಡ ಅವಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಿಸಿದ. ಹೆಂಗಸರು ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದರು. ಮುಗಿಯಲಿಲ್ಲ. ನೋಡಿದಿರಾ, ಬಾವಿ ಕಣ್ಣುಮುಚ್ಚಿ ಎಲ್ಲರನ್ನೂ ನೂಕುವುದಿಲ್ಲ, ಒಳ್ಳೆಯವಳನ್ನು ಒಳ್ಳೆಯವಳೆಂದೇ ಹೇಳುತ್ತದೆ ಎಂದು ಗಂಡಸರ ನಂಬಿಕೆ ಇಮ್ಮಡಿಯಾಯಿತು. ಮೊದಲು ಅಪರೂಪಕ್ಕೆ ನಡೆಯುತ್ತಿದ್ದದ್ದು ಈಗ ವರ್ಷವರ್ಷವೂ ನಡೆಯತೊಡಗಿತು. ಬಿಟ್ಟರೆ ಒಬ್ಬಳು ಹೆಣ್ಣು ಹೋಗುತ್ತಾಳೆ. ಆದ್ದರಿಂದ ಹೆಂಗಸರೂ ವರ್ಷವರ್ಷವೂ ಸೇದಿದರು. ನಿಜ ಹೇಳಿಬಿಡೋಣ ಎಂದರೆ ಬಾವಿ ಒಪ್ಪಿದವರೆಲ್ಲರ ಮೇಲೆ ಮತ್ತೆ ಮಾತು ಬರುತ್ತದೆ, ಮೊದಲು ಬಾಳವ್ವನ ಮೇಲೆಯೇ. ಹೀಗೆ ಒಬ್ಬಳನ್ನು ಉಳಿಸಿದ ಕೆಲಸವೇ ಎಲ್ಲರ ಕೊರಳಿಗೆ ಬಿತ್ತು. ಅವರೆಲ್ಲ ಎಷ್ಟು ದಣಿದಿದ್ದರೋ ಎಂದು ನೆನೆದರೆ ನನಗೆ ಈಗಲೂ ತೋಳು ಸೋಲುತ್ತದೆ.

ನೀಲವ್ವ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಬಾಳವ್ವನ ತಲೆ ಹಣ್ಣಾಯಿತು. ಗಂಡಸರಿಗೆ ಅವಳು 'ಬಾವಿ ಒಪ್ಪಿದ ಬಾಳವ್ವ'. ಹೊಸ ಸೊಸೆಯರನ್ನು ತಂದು ಅವಳ ಕಾಲಿಗೆ ಬೀಳಿಸುತ್ತಿದ್ದರು, ಇವಳ ಹಾಗೆ ಬಾಳಬೇಕು ಎನ್ನುತ್ತಿದ್ದರು. ಮಲ್ಲಿಗೆ ಮುಡಿದದ್ದಕ್ಕೆ ಬಾವಿಕಟ್ಟೆ ಹತ್ತಿದವಳು ಹೂ ಮುಡಿದ ಹುಡುಗಿಯರನ್ನು ಗದರಿಸಲು ನೆಪವಾದಳು. ಅದು ಅವಳಿಗೆ ಹಗ್ಗದ ಬೊಕ್ಕೆಗಿಂತ ಹೆಚ್ಚು ಉರಿಯುತ್ತಿತ್ತು ಎನ್ನುತ್ತಾರೆ. ಆ ವರ್ಷ ಸಾವಂತ್ರವ್ವ ಎಂಬ ಎಳೆಯ ಸೊಸೆಯ ಸರದಿ. ಮಳೆ ಬಿಡದೆ ಹೊಡೆದಿತ್ತು. ಎಷ್ಟು ಸೇದಿದರೂ ಬಾವಿ ಇಳಿಯಲೊಲ್ಲದು. ಹಬ್ಬದ ಹಿಂದಿನ ದಿನ ಬಾಳವ್ವ ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟು ಸಾಕು ಎಂದಳು. ಉಳಿದವರು ಗಾಬರಿಯಾದರು. ನಾಳೆ ನಾನು ನೋಡಿಕೊಳ್ಳುತ್ತೇನೆ, ನೀವು ನನ್ನ ಸುತ್ತ ಕೂತಿರಿ, ಏಳಬೇಡಿ ಎಂದಷ್ಟೇ ಅವಳು ಹೇಳಿದಳು.

ಬೆಳಿಗ್ಗೆ ಗಂಡಸರು ಬಂದು ನೋಡಿದರೆ ಊರ ಹೆಂಗಸರೆಲ್ಲ ಬಾವಿಯ ಸುತ್ತ ನೆಲಕ್ಕೆ ಕೂತಿದ್ದರು. ಒಲೆ ಹಚ್ಚಿಲ್ಲ, ಸಗಣಿ ಬಳಿದಿಲ್ಲ, ಕೊಡಗಳು ಬೋರಲು ಬಿದ್ದಿವೆ. ಸಾವಂತ್ರವ್ವ ಮಧ್ಯದಲ್ಲಿ ಬಾಳವ್ವನ ಸೆರಗು ಹಿಡಿದು ಕೂತಿದ್ದಳು. ಹಬ್ಬದ ದಿನ ಇದೇನು ಎಂದು ಗೌಡ ಕೇಳಿದ. ಹಳೆಯ ಗೌಡ ಸತ್ತು ಅವನ ಮಗ ಗೌಡಕಿಗೆ ಬಂದಿದ್ದ.

"ದಣದೀವ್ರೀ, ಗೌಡ್ರ," ಎಂದಳು ಬಾಳವ್ವ. "ಇಷ್ಟು ವರ್ಷ ನಮ್ಮ ಹೆಸರು ಕೂಗಿದ್ರಿ. ಇವತ್ತ ಮೊದಲ ನಿಮ್ಮ ಹೆಸರು ಕೂಗ್ರಿ. ಬಾವಿ ಓ ಅಂದ್ರ ಇಕಿ ಹೆಸರು ಕೂಗಾಕ ಜಾಗಾ ಬಿಡತೀವಿ."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಕೂದಲು ಹಿಡಿದು ಎಳೆಯುತ್ತಿದ್ದರು. ಆಡಿದವಳು ಬಾವಿ ಒಪ್ಪಿದ ಬಾಳವ್ವ. ಅವಳ ಮಾತು ತೆಗೆದುಹಾಕಿದರೆ ಬಾವಿಯ ಮಾತನ್ನೇ ತೆಗೆದುಹಾಕಿದಂತೆ. ಗೌಡ ನಕ್ಕ. ಅದಕ್ಕೇನು ಎಂದು ಬಗ್ಗಿ ತನ್ನ ಹೆಸರನ್ನು ತಾನೇ ಕೂಗಿದ. ಬಾಯಿತನಕ ನಿಂತ ನೀರಿನ ಮೇಲೆ ಬೇವಿನ ಎಲೆಗಳು ತೇಲುತ್ತಿದ್ದವು, ಅಷ್ಟೇ. ಇನ್ನೂ ಗಟ್ಟಿಯಾಗಿ ಕೂಗಿದ. ಸಾವಂತ್ರವ್ವನ ಗಂಡ ಕೂಗಿ ನೋಡಿದ, ಅವನ ಅಪ್ಪ ಕೂಗಿ ನೋಡಿದ. ಆಮೇಲೆ ಮುಂದೆ ಬರುವವರು ಕಡಿಮೆಯಾದರು. ಹಿಂದಿನ ಸಾಲಿನಲ್ಲಿದ್ದವರು ಎತ್ತು ನೋಡುವ ನೆಪದಲ್ಲಿ ಜಾಗ ಖಾಲಿ ಮಾಡಿದರು. ಘಟ್ಟದ ಕೆಳಗಿನ ಸಂಗತಿ ಒಬ್ಬೊಬ್ಬರಿಗೂ ನೆನಪಿತ್ತಲ್ಲ. ಬಾವಿ ಸತ್ಯ ಎಂದರೆ ತಾವೆಲ್ಲ ಅಗಸೆಯ ಆಚೆ ಹೋಗಬೇಕು, ಸುಳ್ಳು ಎಂದರೆ ಅಟ್ಟಿದ ಹೆಣ್ಣುಗಳಿಗೆ ಉತ್ತರ ಹೇಳಬೇಕು. ಗೌಡ ಎರಡನ್ನೂ ಹೇಳಲಿಲ್ಲ. ದೇವತೆಗೆ ಇವತ್ತು ಮನಸ್ಸಿಲ್ಲ ಎಂದು ಗೊಣಗಿ ಪಂಚೆ ಸರಿಮಾಡಿಕೊಂಡು ಮನೆಗೆ ಹೋದ. ಬಾಳವ್ವ ಸಾವಂತ್ರವ್ವನ ಕೈ ಹಿಡಿದು, "ಏಳವ್ವಾ, ಮನೀಗೆ ಹೋಗೂಣು," ಎಂದಳು. ಯಾರೂ ತಡೆಯಲಿಲ್ಲ. ಆದರೆ ಹೆಂಗಸರು ಬೇಗ ಏಳಲಿಲ್ಲ. ಹೊತ್ತು ನೆತ್ತಿಗೇರುವತನಕ ಅಲ್ಲೇ ಕೂತಿದ್ದರಂತೆ. ಅಂದಿನಿಂದ ಇದು ದಣಿದವರ ಬಾವಿ.

ಗಂಡಸರು ಬಾವಿಯನ್ನು ಬಿಟ್ಟರು, ಅನುಮಾನವನ್ನು ಬಿಡಲಿಲ್ಲ. ಅದಕ್ಕೆ ಬೇರೆ ಬೇರೆ ದಾರಿ ಹುಡುಕಿಕೊಂಡರು. ಈಗ ಮೊಬೈಲು ಕಸಿದುಕೊಂಡು ನೋಡುತ್ತಾರೆ. ತಪ್ಪಾಯಿತು ಎಂದು ಆ ಕಟ್ಟೆಯ ಮೇಲೆ ನಿಂತು ಹೇಳಿದ ಒಬ್ಬ ಗಂಡಸಿನ ಹೆಸರೂ ಕಥೆಯಲ್ಲಿಲ್ಲ. ನಮ್ಮತ್ತೆ ಹೇಳುವಾಗ ಇಲ್ಲಿಗೆ ಬಂದು ನಿಟ್ಟುಸಿರು ಬಿಡುತ್ತಿದ್ದರು, ನಾನೂ ಬಿಡುತ್ತೇನೆ.

ಬನ್ನಿ, ಕಟ್ಟೆಯ ಅಂಚನ್ನು ನೋಡಿ. ಕಲ್ಲಿನಲ್ಲಿ ಸುತ್ತಲೂ ಗೆರೆಗಳಿವೆಯಲ್ಲ, ಹಗ್ಗ ಎಳೆದೆಳೆದು ಬಿದ್ದವು. ಬೆರಳಿಟ್ಟರೆ ಗಿಣ್ಣಿನತನಕ ಮುಳುಗುತ್ತದೆ. ದಾರಿಹೋಕರು ನೀರು ಸೇದಿದ ಗುರುತು ಎಂದು ಬೋರ್ಡಿನವರು ಹೇಳುತ್ತಾರೆ. ದಾರಿಹೋಕನಿಗೆ ಒಂದು ತಂಬಿಗೆ ನೀರು ಸಾಕು, ಅಷ್ಟಕ್ಕೆ ಕಲ್ಲು ಸವೆಯುವುದಿಲ್ಲ. ಈ ಬೇವಿನ ಮರಗಳು ಅವರು ನೆಲಕ್ಕೆ ಸುರಿದ ನೀರಿಗೆ ಎದ್ದವು ಎನ್ನುತ್ತಾರೆ. ಈಗ ಬಾವಿ ಬತ್ತಿರುವುದರಿಂದ ವರ್ಷವಿಡೀ ಓಗೊಡುತ್ತದೆ. ಕಾಲೇಜಿನ ಹುಡುಗರು ಬಂದು ತಮ್ಮ ಹೆಸರು ಕೂಗಿ, ಜೊತೆಗೆ ಬಂದ ಹುಡುಗಿಯರ ಹೆಸರು ಕೂಗಿ ನಗುತ್ತಾರೆ. ನಗಲಿ, ನಾನು ಬೇಡ ಎನ್ನುವುದಿಲ್ಲ. ಬನ್ನಿ ಹಬ್ಬದ ಹಿಂದಿನ ಸಂಜೆ ಮಾತ್ರ ಊರ ಹೆಂಗಸರು ನಲ್ಲಿಯ ನೀರನ್ನೇ ಒಂದೊಂದು ಕೊಡ ತಂದು ಬೇವಿನ ಬುಡಕ್ಕೆ ಸುರಿಯುತ್ತೇವೆ. ನಮ್ಮಲ್ಲಿ ಹಿರಿಯಳಾದವಳು ಬಗ್ಗಿ ಒಂದೇ ಒಂದು ಹೆಸರು ಕರೆಯುತ್ತಾಳೆ. ಕೆಲವು ವರ್ಷಗಳಿಂದ ನಾನೇ ಕರೆಯುತ್ತಿದ್ದೇನೆ. ಗುರವ್ವಾ ಎಂದರೆ ಬಾವಿ ಗುರವ್ವಾ ಎನ್ನುತ್ತದೆ. ನಾವು ಸ್ವಲ್ಪ ಹೊತ್ತು ಅಗಸೆಯ ಕಡೆ ನೋಡುತ್ತ ನಿಂತಿದ್ದು, ಖಾಲಿ ಕೊಡ ಎತ್ತಿಕೊಂಡು ಮನೆಗೆ ಬರುತ್ತೇವೆ.