ಸಿಂಹಾಸನ ಪುಕ್ಕಟೆ!

ನಾಲ್ಕು ಕಾಲಿದೆ, ನಡೆಯಲ್ಲ. ಮೂವರನ್ನು ಕೆಳಕ್ಕೆ ಬೀಳಿಸಿದೆ, ಒದೆಯಲ್ಲ. ಏನದು?

ಮಂಚ ಅಂದ್ರಾ? ಅಲ್ಲ. ಮುದಿ ಕತ್ತೆ? ಥೂ, ಅದೂ ಅಲ್ಲ. ಬಿಡಿ, ನಿಮ್ಮ ಕೈಲಾಗಲ್ಲ. ಅದು ಬೋಳಗಿರಿಯ ಸಿಂಹಾಸನ. ಎರಡೇ ವರ್ಷದಲ್ಲಿ ಮೂವರು ರಾಜರನ್ನು ಉರುಳಿಸಿ, ಈಗ ಹಾಲಗಪ್ಪ ನಾಯಕನನ್ನು ಕೂರಿಸಿಕೊಂಡಿತ್ತು.

ಹಾಲಗಪ್ಪನಿಗೆ ಕೂತಲ್ಲೇ ನಡುಕ. ಶತ್ರು ಅಡಗಿ ಬಂದಾನು ಅಂತ ಗುಡ್ಡದ ಕಾಡನ್ನೆಲ್ಲ ಕಡಿಸಿದ. ಮಣ್ಣು ಜಾರಿ ಬಂದು ಕೆರೆಯಲ್ಲಿ ಹೂಳು ತುಂಬಿತು. ನೀರಿಲ್ಲದೆ ಅರ್ಧ ಊರು ದನಕರು ಹೊಡೆದುಕೊಂಡು ಪಕ್ಕದ ರಾಜ್ಯಕ್ಕೆ ಹೋಯಿತು. ಉಳಿದದ್ದು ಕೆರೆ ಏರಿಯ ಹೊಂಗೆ ತೋಪು, ಅದರ ನೆರಳಲ್ಲಿ ಒಂದಿಷ್ಟು ಜನ.

"ನೋಡಿದೆಯಾ ಗುಜ್ಜಪ್ಪ!" ಆಸ್ಥಾನದ ವಿದೂಷಕನ ಮುಂದೆ ರಾಜ ಮೀಸೆ ತಿರುವಿದ. "ಕೋಟೆ ಮೇಲೆ ನಿಂತರೆ ಹರದಾರಿ ಆಚೆಯ ಮೊಲವೂ ಕಾಣುತ್ತೆ. ಆ ತೋಪೊಂದೇ ಅಡ್ಡ. ಅದನ್ನೂ ಉರುಳಿಸ್ತೀನಿ."

"ಬೇಡಿ ಮಹಾಸ್ವಾಮಿ. ಅದೂ ಹೋದರೆ ಉಳಿದವರೂ ಹೊರಟುಬಿಡ್ತಾರೆ."

"ಹಾಗಾದರೆ ನನ್ನ ಸಿಂಹಾಸನದ ಮೇಲೆ ಕಣ್ಣಿಟ್ಟವನನ್ನು ನಾಳೆ ಸಂಜೆಯೊಳಗೆ ಹಿಡಿದುಕೊಡು. ಇಲ್ಲದಿದ್ದರೆ ಮೊದಲು ನಿನ್ನ ತಲೆ, ಆಮೇಲೆ ತೋಪು!"

ಗುಜ್ಜಪ್ಪ ತಲೆ ಮುಟ್ಟಿ ನೋಡಿಕೊಂಡ. "ಆಗಲಿ. ಡಂಗುರದವನನ್ನು ಕಳಿಸಿಕೊಡಿ."

ಬೆಳಗಾಗುತ್ತಲೇ ಗಡಿಯವರೆಗೂ ಡಂಗುರ ಬಿತ್ತು: "ಬೋಳಗಿರಿಯ ಸಿಂಹಾಸನ ಪುಕ್ಕಟೆ! ಬೇಕಾದವರು ಬಂದು ಕೂತುಕೊಳ್ಳಿ!"

ರಾಜ ಕತ್ತಿ ಎಳೆದ. "ಏನೋ ಇದು, ದ್ರೋಹಿ?"

"ಬಲೆ, ಮಹಾಸ್ವಾಮಿ. ಯಾರು ಬರ್ತಾನೋ ಅವನೇ ಶತ್ರು. ನೀವು ಪರದೆ ಹಿಂದೆ ಅಡಗಿಕೊಳ್ಳಿ."

ರಾಜ ಖುಷಿಯಿಂದ ಅಡಗಿದ. ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಹಿಂದಿನ ಮೂವರನ್ನೂ ಇಳಿಸಿದ್ದ ದಳವಾಯಿ ಕೂಡ ಮಂಡಿನೋವು ಅಂತ ಹೇಳಿಕಳಿಸಿದ.

ಆಮೇಲೊಬ್ಬ ಬಂದ. ರಾಜ ಹಾರಿ ಅವನ ಜುಟ್ಟು ಹಿಡಿದ. "ಸಿಕ್ಕಿದೆಯಾ!"

"ಅಯ್ಯಯ್ಯೋ, ಬಿಡಿ! ನಾನು ಪಕ್ಕದ ರಾಜ್ಯದ ದೂತ. ನಮ್ಮ ಅರಸರು ಬೇಡ ಅಂದರು. ನಿಮ್ಮ ಜನಕ್ಕೆ ನೀರು ಕೊಟ್ಟೇ ಸಾಕಾಗಿದೆಯಂತೆ, ನಿಮ್ಮ ನೆಲ ಬೇರೆ ಯಾಕೆ ಅಂದರು."

ಹೊತ್ತು ಮುಳುಗುವಾಗ ಒಬ್ಬಳು ಮುದುಕಿ ಬಂದು ಸಿಂಹಾಸನದ ಕಾಲು ಅಲ್ಲಾಡಿಸಿ ನೋಡಿದಳು.

"ನೀನೇನಾ ಶತ್ರು?" ರಾಜ ಗುಡುಗಿದ.

"ಸುಮ್ನಿರಪ್ಪ, ಕೂರೋಕಲ್ಲ. ಮರದ್ದು ತಾನೇ? ಒಲೆಗೆ ಆಗುತ್ತಾ ಅಂತ ನೋಡ್ತಿದ್ದೆ. ಊರಲ್ಲಿ ಒಂದು ತುಂಡು ಸೌದೆ ಇಲ್ಲ."

ರಾಜ ಮೆಟ್ಟಿಲ ಮೇಲೆ ಕುಸಿದು ಕೂತ. "ಗುಜ್ಜಪ್ಪ, ನನ್ನ ರಾಜ್ಯ ಯಾರಿಗೂ ಬೇಡವಾ?"

"ಕದಿಯೋಕೂ ಲಾಯಕ್ಕಿಲ್ಲದ ಹಾಗೆ ಇಟ್ಟಿದ್ದೀರಿ. ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಿ."

"ಕಾಡು ಬೆಳೆಸಿ, ಕೆರೆ ತುಂಬಿಸಿದರೆ?"

"ಆಗ ಶತ್ರು ಬಂದೇ ಬರ್ತಾನೆ."

"ಬಂದರೆ ಗತಿ?"

"ಆಗ ತಡೆಯೋಕೆ ಜನ ಇರ್ತಾರೆ, ಮಹಾಸ್ವಾಮಿ. ಈಗ ಬಂದರೆ ಅವನಿಗೆ ಕೋಟೆ ಬಾಗಿಲು ತೆಗೆಯೋಕೂ ಯಾರೂ ಇಲ್ಲ."

ರಾಜ ಹೊಟ್ಟೆ ಹಿಡಿದು ನಕ್ಕ. ಗುಜ್ಜಪ್ಪನಿಗೆ ಶಾಲು ಹೊದಿಸಿ, ತೋಪು ಉಳಿಸಿ, ಕೆರೆಗಿಳಿದು ಮೊದಲ ಬುಟ್ಟಿ ಹೂಳು ತಾನೇ ಹೊತ್ತ.

ಈ ರಾಜ ನಕ್ಕಿದ್ದು, ಹೂಳು ಹೊತ್ತಿದ್ದು ಎಲ್ಲ ನಾನೇ ಕಟ್ಟಿದ್ದು. ನನಗೆ ಕತೆ ಹೇಳ್ತಿದ್ದ ತಾತ ಆ ಕೋಟೆ ಬಾಗಿಲ ಮಾತಿಗೆ ಬರುತ್ತಲೇ ಗೊರಕೆ ಹೊಡೆದುಬಿಟ್ಟ. ಏನ್ಮಾಡ್ಲಿ? ಅಷ್ಟು ಮರ, ಅದರ ಜೊತೆ ಗುಜ್ಜಪ್ಪನ ತಲೆ, ಎಲ್ಲ ಉಳಿಯೋದು ಉರುಳೋದು ನನ್ನ ಬಾಯಲ್ಲೇ ಇತ್ತು. ಕಡಿಯೋಕೆ ಮನಸ್ಸಾಗಲಿಲ್ಲ.