ಗಂಟು ಕಟ್ಟುವವನ ಹೊಟ್ಟೆಕಿಚ್ಚು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಮಲ್ಲಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈಹಿಡಿಯುವ ಭಾಗ್ಯ, ಜೊತೆಗೆ ಯಂತ್ರಶಾಲೆಯ ಒಡೆತನ. ತಪ್ಪು ಹೇಳಿದವನಿಗೆ ಹೊತ್ತು ಮುಳುಗುವಾಗ ಕತ್ತಿ. ಅಷ್ಟರೊಳಗೆ ಬೇರೆ ಯಾರಾದರೂ ಗೆದ್ದರೆ ಸೋತವರ ತಲೆ ಉಳಿಯುತ್ತದೆ!"

ಹೀಗೆಂದು ಡಂಗುರ ಸಾರಿದ ಆ ರಾಜ್ಯದಲ್ಲಿ ಯಂತ್ರಗಳಿಗೂ ಭಾಷೆಯಿತ್ತು. ನೀರೆತ್ತುವ ಯಂತ್ರದ್ದು ಒಂದು, ನೂಲುವ ಯಂತ್ರದ್ದು ಇನ್ನೊಂದು. ಒಂದು ಭಾಷೆಯ ಯಂತ್ರ ಇನ್ನೊಂದನ್ನು ಕರೆದು ಕೆಲಸ ಮಾಡಿಸಿಕೊಳ್ಳಲೆಂದು ಸೋಮದತ್ತನೆಂಬ ಜಾಣ ಒಂದು ಸಾಫ್ಟ್‌ವೇರ್ ಲೈಬ್ರರಿ, ಅಂದರೆ ಸಿದ್ಧ ಆದೇಶಗಳ ಕಟ್ಟು, ಬರೆದಿದ್ದ. ಅದಕ್ಕೆ ಬೇಕೆಂದು ಅವನು ಹೇಳಿದ್ದನ್ನೆಲ್ಲ ಸೇರಿಸಿ, ಪ್ಯಾಕೇಜ್ ಎಂಬ ಗಂಟು ಕಟ್ಟಿ ಊರೂರಿಗೆ ಕಳಿಸುವವನು ಕೆಂಚ. ಓಡಿದರೆ ಹಾರ ತುರಾಯಿ ಸೋಮದತ್ತನಿಗೆ, ಕೆಟ್ಟರೆ ಬೈಗುಳ ಕೆಂಚನಿಗೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯರು, ನಿಜ. ಆದರೂ ಸೋಮದತ್ತನ ಹೆಸರು ಕಿವಿಗೆ ಬಿದ್ದರೆ ಕೆಂಚನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಸಭೆ ಸೇರಿತು. ರಾಜಕುಮಾರಿ ಮೊದಲ ಒಗಟು ಹೇಳಿದಳು: "ಇಬ್ಬರ ನಡುವೆ ನಿಂತು ಕೆಲಸ ದಾಟಿಸುತ್ತಾನೆ. ಕೇಳುವವನ ಉದ್ದೇಶವೂ ತಿಳಿಯದು, ಮಾಡುವವನ ಕಸುಬೂ ತಿಳಿಯದು. ಆದರೂ ಕೆಲಸ ಕೆಡುವುದಿಲ್ಲ. ಯಾರವನು?"

"ಗಿಳಿ!" ಎಂದ ದಳವಾಯಿಯ ಮಗ.

"ಗಿಳಿ ಕೇಳಿದ್ದನ್ನು ಒಪ್ಪಿಸೀತು, ಕೆಲಸ ದಾಟಿಸೀತೇ?" ಎಂದಳು. ಭಟರು ಅವನ ಕೈ ಕಟ್ಟಿದರು.

ಸೋಮದತ್ತ ಮುಂದೆ ಬಂದು, "ನಾನು ಬರೆದ ಲೈಬ್ರರಿ!" ಎಂದ. ಸಭೆ ಚಪ್ಪಾಳೆ ತಟ್ಟಿತು. ರಾಜಕುಮಾರಿ ನಕ್ಕಳು. ಮೂಲೆಯಲ್ಲಿ ನಿಂತಿದ್ದ ಕೆಂಚನಿಗೆ ಆ ನಗುವೇ ಬರೆ ಎಳೆದಂತಾಯಿತು.

"ಎರಡನೆಯದು. ಹುಟ್ಟಿದ ಮನೆಯಲ್ಲಿ ಚೆನ್ನಾಗಿ ಓಡುತ್ತದೆ. ಪರವೂರಿಗೆ ಹೋದೊಡನೆ ಕುಸಿದು ಬೀಳುತ್ತದೆ. ಯಾರೂ ಹೊಡೆದಿಲ್ಲ, ದಾರಿಯಲ್ಲಿ ಏನೂ ಕಳೆದಿಲ್ಲ. ಯಾವುದದು?"

"ಮೀನು," ಎಂದ ಸೋಮದತ್ತ.

"ನೀರಿಲ್ಲದೆ ಬದುಕಲಾರೆನೆಂದು ಮೀನಿಗೆ ಗೊತ್ತು. ನಾನು ಕೇಳಿದ್ದು, ತನಗೇನು ಬೇಕೆಂದೇ ತಿಳಿಯದ್ದನ್ನು."

ಸೋಮದತ್ತನ ಕೈಗೂ ಹಗ್ಗ ಬಿತ್ತು. ಕೆಂಚನಿಗೆ ಉತ್ತರ ಗೊತ್ತಿತ್ತು. 'ಬಾಯಿ ಮುಚ್ಚಿಕೊಂಡಿರು, ಹೊತ್ತು ಮುಳುಗಲಿ, ನಿನ್ನ ಉರಿ ಆರಲಿ' ಎಂದಿತು ಮನಸ್ಸು. ಅಷ್ಟರಲ್ಲಿ ಪಕ್ಕದ ಮುದುಕಿ ಕಣ್ಣೊರೆಸಿಕೊಂಡು, "ಇಂಥ ಜಾಣನಿಗೆ ವೀರಗಲ್ಲು ನಿಲ್ಲಿಸ್ಬೇಕು ಕಣಪ್ಪ" ಎಂದಳು.

ಕೆಂಚನಿಗೆ ಆ ಕಲ್ಲು ಕಣ್ಣೆದುರೇ ನಿಂತಂತಾಯಿತು. ಬದುಕಿದವನು ಇವತ್ತಲ್ಲ ನಾಳೆ ಎಡವಿಯಾನು. ಕಲ್ಲಾಗಿ ನಿಂತವನು ಎಡವುತ್ತಾನೆಯೇ? ಜೀವಮಾನವಿಡೀ ಕಲ್ಲಿನ ಮೇಲೆ ಹೊಟ್ಟೆಕಿಚ್ಚು ಪಡಬೇಕೆ? ಜನರನ್ನು ತಳ್ಳಿಕೊಂಡು ಮುಂದೆ ಓಡಿದ.

"ಅಮ್ಮಣ್ಣಿ, ಮೊದಲನೆಯದು ಇವನು ಹೇಳಿದ್ದೇ ಸರಿ. ಯಾರ ಕೈಗೆ ಏನು ಕೊಡಬೇಕು, ಉತ್ತರ ಎಲ್ಲಿಂದ ಎತ್ತಿಕೊಳ್ಳಬೇಕು, ಅಷ್ಟು ತಿಳಿದರೆ ಲೈಬ್ರರಿಗೆ ಸಾಕು, ಅರ್ಥ ಬೇಕಿಲ್ಲ. ಎರಡನೆಯದೂ ಇವನ ಲೈಬ್ರರಿಯೇ! ಇವನ ಯಂತ್ರದಲ್ಲಿ ಮೊದಲೇ ಇದ್ದ ಸಾಮಾನನ್ನು ಅದು ಸದ್ದಿಲ್ಲದೆ ಬಳಸಿಕೊಳ್ಳುತ್ತೆ. ಬೇರೆ ಊರಲ್ಲಿ ಆ ಸಾಮಾನಿಲ್ಲ, ಬೀಳುತ್ತೆ. ಇವನನ್ನು ಕೇಳಿದರೆ, 'ನನ್ನ ಹತ್ರ ಓಡುತ್ತಲ್ಲ' ಅಂತಾನೆ!"

ರಾಜಕುಮಾರಿ ಎದ್ದು ನಿಂತಳು. "ಮೂರನೆಯದು. ಕೆಲಸ ಚೆನ್ನಾಗಿ ಆದ ದಿನ ಅವನಿದ್ದಾನೆಂದೇ ಯಾರಿಗೂ ತಿಳಿಯದು. ಕೆಟ್ಟ ದಿನ ಊರೆಲ್ಲ ಅವನನ್ನೇ ಹುಡುಕುತ್ತದೆ. ಯಾರು?"

ಕೆಂಚ ತನ್ನನ್ನೇ ಬೆರಳು ಮಾಡಿ ತೋರಿಸಿದ. "ನಾನು, ಅಮ್ಮಣ್ಣಿ. ಪ್ಯಾಕೇಜ್ ಕಟ್ಟುವವನು."

"ಸರಿ! ಅವನ ಲೈಬ್ರರಿಯ ಕೊರತೆ ನಿನಗೆ ಇಷ್ಟು ಚೆನ್ನಾಗಿ ತಿಳಿದದ್ದು ಹೇಗೆ?"

"ಹೊಟ್ಟೆಕಿಚ್ಚಿನಿಂದ. ಮೆಚ್ಚಿದವರಾರೂ ಅದನ್ನು ಓದಲಿಲ್ಲ. ಎಲ್ಲಿ ತಪ್ಪಿದ್ದಾನೋ ಎಂದು ನಾನು ಸಾಲು ಸಾಲು ಓದಿದೆ."

"ಸುಳ್ಳಾಡದ ಗಂಡ ಸಿಕ್ಕ" ಎಂದು ನಗುತ್ತ ಅವಳು ಹಾರ ಹಾಕಿದಳು.

ಹಗ್ಗ ಬಿಚ್ಚಿಸಿಕೊಂಡ ಸೋಮದತ್ತ ಹತ್ತಿರ ಬಂದ. ಬಾಯಿ "ಬದುಕಿಸಿದೆ ಮಾರಾಯ" ಎನ್ನುತ್ತಿತ್ತು, ಕಣ್ಣು ಹಾರದ ಮೇಲಿತ್ತು. ಆ ನೋಟವನ್ನು ಕೆಂಚ ಚೆನ್ನಾಗಿ ಬಲ್ಲ. ವರ್ಷಗಟ್ಟಲೆ ಬಯಸಿದ್ದ ಗಳಿಗೆ ಅದು. ಬಂದಾಗ ಅಯ್ಯೋ ಅನ್ನಿಸಿತು.

"ಬಾರೋ, ಇಲ್ಲಿ ಕೂತ್ಕೋ" ಎಂದು ಪಕ್ಕಕ್ಕೆ ಸರಿದ. "ಇನ್ಮೇಲೆ ನಾನು ಕಟ್ಟಿದ್ದನ್ನ ನೀನು ಓದು. ಈಗ ನಿನ್ನಷ್ಟು ಚೆನ್ನಾಗಿ ತಪ್ಪು ಹುಡುಕೋರು ಯಾರೂ ಇಲ್ಲ."

ಗೆಳೆಯರಿಬ್ಬರೂ ಒಬ್ಬರ ಮೇಲೊಬ್ಬರು ಉರಿಯುತ್ತಲೇ ಮುದುಕರಾದರು. ಆ ರಾಜ್ಯದಿಂದ ಹೊರಟ ಒಂದು ಪ್ಯಾಕೇಜೂ ಮತ್ತೆ ಪರವೂರಿನಲ್ಲಿ ಬೀಳಲಿಲ್ಲ.